ಉಕ್ಕಿನ ಉದ್ಯಮದಲ್ಲಿ ಶಕ್ತಿಮಿತವ್ಯಯ: ಸಾಧ್ಯತೆ ಮತ್ತು ಮಿತಿ

ಉಕ್ಕಿನ ಉದ್ಯಮದಲ್ಲಿ ಇಂಗಾಲವು ಎರಡು ಕಾರ್ಯಗಳನ್ನು ನಿರ್ವಹಿಸುತ್ತದೆ. ಅದು ಕುಲುಮೆಗೆ ಶಾಖವನ್ನೊದಗಿಸುವ ಇಂಧನ. ಜೊತೆಗೆ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸುವ ಅಪಕರ್ಷಣಕಾರಿ. ಈ ಭೇದವನ್ನು ಗಮನಿಸದಿದ್ದರೆ ಶಕ್ತಿಯ ಉಳಿತಾಯವೊಂದರಿಂದಲೇ ಹೊರಸೂಸುವಿಕೆ ನಿಲ್ಲುವುದೆಂಬ ತಪ್ಪು ಗ್ರಹಿಕೆಗೆ ಎಡೆಯಾಗುತ್ತದೆ.

ಭದ್ರಾವತಿಯ ಕಾರ್ಖಾನೆಯ ಇತಿಹಾಸ ಇದಕ್ಕೊಂದು ನಿದರ್ಶನ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಊದುಕುಲುಮೆಗೆ ಮಲೆನಾಡಿನ ಕಾಡುಗಳ ಇದ್ದಿಲೇ ಆಧಾರವಾಗಿತ್ತು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದಾಗ ಅವುಗಳಲ್ಲಿ ಶಾಖದ ಹೊಣೆಯನ್ನು ವಿದ್ಯುತ್ತು ಹೊತ್ತಿತು. ಆದರೂ ಅಪಕರ್ಷಣೆಗೆ ಇಂಗಾಲವು ಅನಿವಾರ್ಯವಾಗಿಯೇ ಉಳಿಯಿತು.

ಇಂದಿನ ಬೃಹತ್ ಸ್ಥಾವರಗಳಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೋಕನ್ನು ನೀರೆರಚಿ ತಣಿಸುವ ಬದಲು ನೈಟ್ರೋಜನ್ ಹಾಯಿಸಿ, ಆ ಶಾಖದಿಂದ ಹಬೆಯನ್ನೂ ವಿದ್ಯುತ್ತನ್ನೂ ಪಡೆಯುವ ವ್ಯವಸ್ಥೆಯಿದೆ. ಊದುಕುಲುಮೆಯ ಮೇಲ್ತುದಿಯ ಅನಿಲದ ಒತ್ತಡದಿಂದ ಟರ್ಬೈನನ್ನು ತಿರುಗಿಸಲಾಗುತ್ತದೆ. ಇವೆಲ್ಲ ಶಕ್ತಿಯ ಪೋಲನ್ನು ತಡೆಯುವ ಕ್ರಮಗಳು. ಆದರೆ ಹೆಮಟೈಟ್ ಅದಿರಿನಿಂದ ಇಂಗಾಲದ ಮೂಲಕ ಒಂದು ಟನ್ ಕಬ್ಬಿಣ ಪಡೆಯಲು, ರಾಸಾಯನಿಕ ಸಮೀಕರಣದಂತೆ, ಅಪಕರ್ಷಣೆಯೊಂದರಿಂದಲೇ ಕನಿಷ್ಠ ಸುಮಾರು 590 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಊದುಕುಲುಮೆಯ ಮಾರ್ಗದಲ್ಲಿ ವಾಸ್ತವ ಪ್ರಮಾಣವು ಪ್ರತಿ ಟನ್ ಉಕ್ಕಿಗೆ ಸಾಮಾನ್ಯವಾಗಿ 2 ಟನ್ನಿಗೂ ಹೆಚ್ಚು. ದಕ್ಷತೆಯು ಈ ಅಂತರವನ್ನು ಕುಗ್ಗಿಸಬಲ್ಲದು. ಆ ಕನಿಷ್ಠ ಮಿತಿಯನ್ನು ದಾಟಲಾರದು.

ದಾಟಬೇಕಾದರೆ ಗುಜರಿ ಉಕ್ಕನ್ನು ಮರುಕರಗಿಸಬೇಕು, ಇಲ್ಲವೇ ಅಪಕರ್ಷಣಕಾರಿಯನ್ನೇ ಬದಲಿಸಬೇಕು. ಸ್ವೀಡನ್ನಿನ ಹೈಬ್ರಿಟ್ ಯೋಜನೆಯಲ್ಲಿ 2021ರಲ್ಲಿ ಜಲಜನಕದಿಂದ ಅಪಕರ್ಷಿಸಿದ ಕಬ್ಬಿಣವನ್ನು ಬಳಸಿ ಉಕ್ಕು ತಯಾರಿಸಲಾಯಿತು. ಈ ಅಪಕರ್ಷಣೆಯಲ್ಲಿ ಹೊಮ್ಮುವುದು ನೀರಾವಿ. ಆದರೆ ಜಲಜನಕವನ್ನು ಪಡೆಯಲು ಬಳಸುವ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದಾದರೆ ಹೊಗೆಯು ಕುಲುಮೆಯಿಂದ ವಿದ್ಯುತ್ ಸ್ಥಾವರಕ್ಕೆ ಸ್ಥಳಾಂತರಗೊಳ್ಳುತ್ತದೆಯಷ್ಟೆ. ಆದ್ದರಿಂದ ಉಕ್ಕಿನ ಶುದ್ಧಿಯ ಪ್ರಶ್ನೆಯು ಅಂತಿಮವಾಗಿ ವಿದ್ಯುತ್ತಿನ ಮೂಲದ ಪ್ರಶ್ನೆಯೂ ಆಗಿದೆ.