ಹಿಮನದಿಯ ಜಮಾ–ಖರ್ಚು

ತಿಂಗಳ ಕೊನೆಗೆ ಮನೆಯ ಲೆಕ್ಕ ಬರೆಯುವವರಿಗೆ ಚೆನ್ನಾಗಿ ಗೊತ್ತು: ಕೈಯಲ್ಲಿ ಹಣ ಓಡಾಡಿದ ಮಾತ್ರಕ್ಕೆ ಸಂಸಾರ ಸುಸ್ಥಿತಿಯಲ್ಲಿದೆ ಎನ್ನಲಾಗದು. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಕೂಡಿ ಕಳೆಯಬೇಕು. ಹಿಮನದಿಗೂ ಇಂಥದೇ ಲೆಕ್ಕವಿದೆ. ಬಿದ್ದ ಹಿಮ ಅದರ ಜಮಾ, ಕರಗಿದ್ದು ಖರ್ಚು.

ಹಿಮಾಚಲ ಪ್ರದೇಶದ ಲಾಹೌಲ್–ಸ್ಪಿತಿ ಜಿಲ್ಲೆಯಲ್ಲಿ ಛೋಟಾ ಶಿಗ್ರಿ ಎಂಬ ಹಿಮನದಿಯಿದೆ. ಉದ್ದ ಸುಮಾರು 9 ಕಿ.ಮೀ., ವಿಸ್ತಾರ ಸುಮಾರು 15 ಚದರ ಕಿ.ಮೀ. ಇದರ ನೀರು ಚಂದ್ರಾ ನದಿಗೆ ಇಳಿದು, ಮುಂದೆ ಚಿನಾಬ್ ಆಗಿ ಹರಿಯುತ್ತದೆ. 2002ರಿಂದ ವಿಜ್ಞಾನಿಗಳು ಇಲ್ಲಿ ವರ್ಷವರ್ಷವೂ ಮಂಜುಗಡ್ಡೆಯ ಲೆಕ್ಕ ಇಡುತ್ತ ಬಂದಿದ್ದಾರೆ.

ಹಿಮನದಿಯ ಕೆಳತುದಿ ಎಷ್ಟು ಹಿಂದೆ ಸರಿಯಿತೆಂದು ಅಳೆದರೆ ಸಾಲದೇ? ಸಾಲದು. ಮೇಲೆ ಆದ ನಷ್ಟದ ಸುದ್ದಿ ಕೆಳತುದಿಗೆ ಮುಟ್ಟಲು ವರ್ಷಗಳೇ ಬೇಕು. ತುದಿ ಇದ್ದಲ್ಲೇ ಇದ್ದರೂ ಹಿಮನದಿ ಒಳಗೊಳಗೇ ತೆಳುವಾಗುತ್ತಿರಬಹುದು.

ಅದಕ್ಕಾಗಿ ವಿಜ್ಞಾನಿಗಳು ಬಳಸುವ ಸಾಧನ ಬಹಳ ಸರಳ: ಬಿದಿರಿನ ಗಳ. ಬಿಸಿ ಹಬೆಯಿಂದ ಮಂಜುಗಡ್ಡೆಯಲ್ಲಿ ಆಳವಾದ ರಂಧ್ರ ಕೊರೆದು ಗಳ ಇಳಿಸುತ್ತಾರೆ. ಮುಂದಿನ ವರ್ಷ ಬಂದಾಗ ಗಳ 2 ಮೀಟರ್ ಹೆಚ್ಚಾಗಿ ಹೊರಗೆ ಕಂಡರೆ, ಅಲ್ಲಿ ಅಷ್ಟು ಮಂಜುಗಡ್ಡೆ ಕರಗಿದೆ ಎಂದರ್ಥ. ಮಂಜುಗಡ್ಡೆ ನೀರಿಗಿಂತ ಹಗುರ. ಆದ್ದರಿಂದ ಆ 2 ಮೀಟರನ್ನು ಸುಮಾರು 1.8 ಮೀಟರ್ ನೀರೆಂದು ಬರೆದುಕೊಳ್ಳುತ್ತಾರೆ. ಎತ್ತರದ ಭಾಗದಲ್ಲಿ ಗುಂಡಿ ತೋಡಿ, ವರ್ಷವಿಡೀ ಉಳಿದ ಹಿಮದ ದಪ್ಪ ಅಳೆದು, ತೂಗಿ, ಜಮಾ ಬರೆಯುತ್ತಾರೆ. ಈ ಪುಸ್ತಕ ಮುಚ್ಚುವುದು ಸೆಪ್ಟೆಂಬರ್ ಕೊನೆಗೆ, ಕರಗುವ ಕಾಲ ಮುಗಿದ ಮೇಲೆ.

ಹಿಮ ಎಷ್ಟು ಬಿತ್ತು ಎಂಬುದರಷ್ಟೇ ಯಾವಾಗ ಬಿತ್ತು ಎಂಬುದೂ ಮುಖ್ಯ. ಬೇಸಿಗೆಯ ನಡುವೆ ಬಿದ್ದ ಹೊಸ ಹಿಮ ಬೆಳ್ಳಗಿದ್ದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ; ಖರ್ಚಿಗೆ ಕಡಿವಾಣ ಬೀಳುತ್ತದೆ.

ಲೆಕ್ಕ ಏನು ಹೇಳುತ್ತದೆ? ಕೆಲವು ವರ್ಷ ಲಾಭ, ಹೆಚ್ಚಿನ ವರ್ಷ ನಷ್ಟ. 2002ರಿಂದ 2019ರವರೆಗಿನ ಸರಾಸರಿ ಹಿಡಿದರೆ, ಇಡೀ ಹಿಮನದಿಯ ಮೇಲಿಂದ ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ ಮೀಟರ್ ನೀರಿನ ಪದರ ಕಳೆದುಹೋಗಿದೆ. ಅಂದರೆ ವರ್ಷಕ್ಕೆ ಸುಮಾರು 700 ಕೋಟಿ ಲೀಟರ್!

ಹೀಗೆ ಕರಗಿದ್ದರಿಂದ ಕೆಳಗಿನ ನದಿಗೆ ಸದ್ಯಕ್ಕೆ ನೀರು ಹೆಚ್ಚಬಹುದು. ಆದರೆ ಅದು ದುಡಿಮೆಯ ಹಣವಲ್ಲ, ಅಸಲನ್ನೇ ಮುರಿದು ತಂದದ್ದು. ಅಸಲು ಕರಗಿದ ಮೇಲೆ ಬೇಸಿಗೆಯ ನದಿ ಬಡವಾಗುತ್ತದೆ. ಆ ದಿನ ಎಷ್ಟು ದೂರವಿದೆ ಎಂದು ಅಂದಾಜು ಮಾಡಲು, ಪ್ರತಿ ವರ್ಷ ಬೆಟ್ಟ ಹತ್ತಿ ಗಳ ಅಳೆಯುವವರ ಈ ಲೆಕ್ಕದ ಪುಸ್ತಕವೇ ಆಧಾರ.