ಪ್ಲಾಸ್ಟಿಕ್ ಚೀಲಗಳ ತ್ಯಾಜ್ಯ

ಪ್ಲಾಸ್ಟಿಕ್ ಚೀಲಗಳ ತ್ಯಾಜ್ಯ ಎಂದರೆ ಒಂದೆರಡು ಬಾರಿ ಬಳಸಿ ಎಸೆಯಲಾಗುವ ಪಾಲಿಥೀನ್ ಕೈಚೀಲಗಳಿಂದ ಉಂಟಾಗುವ ಘನತ್ಯಾಜ್ಯ. ಹಾಲಿನ ಕವರು, ನೀರಿನ ಬಾಟಲಿಗಳನ್ನು ಗುಜರಿಯವರು ಕೊಳ್ಳುತ್ತಾರೆ; ಕೊಳಕಾದ ತೆಳು ಚೀಲವನ್ನು ಕೊಳ್ಳುವವರು ವಿರಳ. ಅದನ್ನು ಆಯ್ದು ತೊಳೆಯುವ ಖರ್ಚು ಅದರ ಬೆಲೆಗಿಂತ ಹೆಚ್ಚು. ಹೀಗಾಗಿ ಅದು ಬಿದ್ದಲ್ಲೇ ಉಳಿಯುತ್ತದೆ, ಇಲ್ಲವೇ ಗಾಳಿ, ನೀರು ಒಯ್ದಲ್ಲಿಗೆ ಹೋಗುತ್ತದೆ.

ಇಂದಿನ ಹಿಡಿಕೆಯುಳ್ಳ ಚೀಲವನ್ನು ವಿನ್ಯಾಸಗೊಳಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್. ಸೆಲ್ಲೋಪ್ಲಾಸ್ಟ್ ಕಂಪನಿಯು 1965ರಲ್ಲಿ ಇದಕ್ಕೆ ಹಕ್ಕುಸ್ವಾಮ್ಯ ಪಡೆಯಿತು.

ಕೆರೆ ಮತ್ತು ಮಣ್ಣು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆಯನ್ನು ತುಂಬಿಸುವ ಸರಪಳಿಯೇ ಇಲ್ಲಿನ ಜಲವ್ಯವಸ್ಥೆ. ಆದ್ದರಿಂದ ಮೇಲಿನ ಊರಿನ ಕಸ ಕೆಳಗಿನ ಊರಿನ ಕೆರೆಯನ್ನು ಸೇರುವುದು ಸಹಜ. ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದಂತಹ ಬಂಡೆಬೆಟ್ಟಗಳಲ್ಲಿ ನೀರು ಇಂಗುವುದು ಕಡಿಮೆ. ಬೆಟ್ಟ ಹತ್ತುವವರು, ಸಮೀಪದ ಕೈಲಾಸಗಿರಿಗೆ ಬರುವವರು ಬಿಟ್ಟುಹೋಗುವ ಚೀಲಗಳನ್ನು ಮೊದಲ ಬಿರುಮಳೆಯೇ ಕೆಳಗಿಳಿಸಬಲ್ಲದು. ಚೀಲಗಳು ಕಾಲುವೆ ಮತ್ತು ತೂಬಿನ ಬಾಯಿಯನ್ನು ಕಟ್ಟುತ್ತವೆ. ಬಾಂಗ್ಲಾದೇಶವು 2002ರಲ್ಲಿ ತೆಳು ಚೀಲಗಳನ್ನು ನಿಷೇಧಿಸಿದ ಜಗತ್ತಿನ ಮೊದಲ ದೇಶವಾಗಲು, ಪ್ರವಾಹದ ಕಾಲದಲ್ಲಿ ಚರಂಡಿಗಳು ಹೀಗೆ ಕಟ್ಟಿಕೊಂಡದ್ದೇ ಮುಖ್ಯ ಕಾರಣ.

ಪಾಲಿಥೀನ್ ಎಲೆ, ಸೆಗಣಿಯಂತೆ ಕೊಳೆಯುವುದಿಲ್ಲ. ಬಿಸಿಲಿಗೆ ಪೆಡಸಾಗಿ ಚೂರುಚೂರಾಗುತ್ತದೆ, ಅಷ್ಟೇ. 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನಲಾಗುತ್ತದೆ. ತಿಪ್ಪೆಗೊಬ್ಬರದೊಡನೆ ಹೊಲ ಸೇರಿದ ಚೀಲಗಳು ನೀರು ಇಂಗುವುದಕ್ಕೂ ಬೇರು ಇಳಿಯುವುದಕ್ಕೂ ಅಡ್ಡಿಯಾಗುತ್ತವೆ.

ಜಾನುವಾರುಗಳು

ಹೈನುಗಾರಿಕೆಯನ್ನು ನೆಚ್ಚಿದ ಈ ಸೀಮೆಗೆ ಅತಿ ಹತ್ತಿರದ ಹಾನಿ ಇದು. ಉಳಿದ ಅನ್ನ, ತರಕಾರಿ ಸಿಪ್ಪೆಯನ್ನು ಚೀಲದಲ್ಲಿ ಗಂಟುಕಟ್ಟಿ ಎಸೆದಾಗ ಹಸುವಿಗೆ ಗಂಟು ಬಿಚ್ಚಲಾಗದು, ಚೀಲಸಮೇತ ನುಂಗುತ್ತದೆ. ಹಸು ಮೇವನ್ನು ಮೊದಲು ಅರೆಬರೆ ಅಗಿದು ನುಂಗಿ, ಆಮೇಲೆ ಮೆಲುಕು ಹಾಕುವ ಪ್ರಾಣಿ. ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ಚೀಲಗಳು ಹಗ್ಗ, ದಾರಗಳೊಡನೆ ಹೆಣೆದುಕೊಂಡು ಗಟ್ಟಿ ಉಂಡೆಯಾಗುತ್ತವೆ. ಮೇವಿಗೆ ಜಾಗ ಕಡಿಮೆಯಾಗಿ ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ತುಂಬಿದಂತೆ ಕಾಣುವ ಹಸು ಹಸಿವಿನಿಂದಲೇ ಸಾಯಬಹುದು. ಶಸ್ತ್ರಚಿಕಿತ್ಸೆಯ ಹೊರತು ಈ ಉಂಡೆಯನ್ನು ಹೊರತೆಗೆಯುವ ದಾರಿಯಿಲ್ಲ. ಗಡಿಯಾಚೆಯ ಪುಟ್ಟಪರ್ತಿಯ ಕರುಣಾ ಸೊಸೈಟಿ ಎಂಬ ಪ್ರಾಣಿದಯಾ ಸಂಸ್ಥೆಯು ಇಂತಹ ಹಸುಗಳನ್ನು ಕಂಡು, 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು.

ಮಾನವ ಆರೋಗ್ಯ

ಬೀದಿಬದಿಯಲ್ಲಿ ಕಸ ಸುಡುವಾಗ ಪಾಲಿಥೀನ್ ಅರೆಬೆಂದು ಮಸಿ, ಇಂಗಾಲದ ಮಾನಾಕ್ಸೈಡ್ ಹಾಗೂ ಕ್ಯಾನ್ಸರ್‌ಕಾರಕ ಹೈಡ್ರೊಕಾರ್ಬನ್‌ಗಳು ಹೊರಬರುತ್ತವೆ. ಪ್ಲಾಸ್ಟಿಕ್ ಎಂದೊಡನೆ ಡಯಾಕ್ಸಿನ್ ಹೆಸರು ಹೇಳುವುದು ರೂಢಿ. ಆದರೆ ಅದು ಉಂಟಾಗಲು ಕ್ಲೋರಿನ್ ಬೇಕು. ಕಸದಲ್ಲಿ ಪಿವಿಸಿ ಬೆರೆತಿದ್ದರೆ ಅಪಾಯ ಹೆಚ್ಚು. ಬಿಸಿ ಸಾಂಬಾರು, ಕಾಫಿಗಳನ್ನು ತೆಳು ಚೀಲದಲ್ಲಿ ಕಟ್ಟಿಸಿಕೊಂಡರೆ ಪ್ಲಾಸ್ಟಿಕ್ಕಿಗೆ ಬೆರೆಸಿದ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು. ಮಳೆನೀರು ನಿಂತ ಚೀಲಗಳಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ನೆದರ್ಲೆಂಡ್ಸಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ 22 ಮಂದಿಯ ಪೈಕಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳು ಪತ್ತೆಯಾದವು. ಅವು ದೇಹಕ್ಕೆ ಮಾಡುವ ಹಾನಿಯ ಪ್ರಮಾಣ ಇನ್ನೂ ಸಂಶೋಧನೆಯ ವಿಷಯವಾಗಿದೆ.

ಕಾನೂನು

ಭಾರತದಲ್ಲಿ ಚೀಲದ ಕನಿಷ್ಠ ದಪ್ಪವು 1999ರಲ್ಲಿ 20 ಮೈಕ್ರಾನ್ ಇದ್ದುದು 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120ಕ್ಕೆ ಏರಿತು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸಂತೆಯಲ್ಲಿ ಸೊಪ್ಪು ಮಾರುವವರಾಗಲಿ ಕೊಳ್ಳುವವರಾಗಲಿ ಕಣ್ಣಳತೆಯಿಂದ ಇದನ್ನು ತಿಳಿಯಲಾರರು. ಈ ತೊಡಕು ಕರ್ನಾಟಕದ ಕಾನೂನಿನಲ್ಲಿಲ್ಲ. ರಾಜ್ಯ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ, ದಪ್ಪ ಎಷ್ಟೇ ಇರಲಿ, ಕೈಚೀಲಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಹಾಲಿನ ಪೊಟ್ಟಣಗಳಿಗೆ ವಿನಾಯಿತಿ ಇದೆ. ಆದರೂ ತೆಳು ಚೀಲಗಳು ಸಂತೆಗಳಿಂದ ಮರೆಯಾಗಿಲ್ಲ; ದಂಡ ತೆರುವ ಚಿಲ್ಲರೆ ವ್ಯಾಪಾರಿಯ ಕೈಗೆ ಅವು ಯಾವುದೋ ತಯಾರಿಕಾ ಘಟಕದಿಂದಲೇ ಬಂದಿರುತ್ತವೆ.

ಬಟ್ಟೆಯಂತೆ ತೋರುವ, ನೂಲಿನ ನೇಯ್ಗೆಯಿಲ್ಲದ ಬಣ್ಣದ ಚೀಲಗಳನ್ನು ಹಲವರು ಬಟ್ಟೆಯೆಂದೇ ತಿಳಿಯುತ್ತಾರೆ. ಅವು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಒಂದು ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಗುವ ಇಂತಹ ಚೀಲಗಳಿಗೆ ಕೇಂದ್ರದ ನಿಯಮಗಳಲ್ಲಿಯೂ ಅನುಮತಿಯಿಲ್ಲ.