ದೂರದ್ವೀಪಯಾತ್ರೆಯ ಸನ್ನಾಹ

ದಾನಮಾಡುವವನು ದೇಶ, ಕಾಲ, ಪಾತ್ರ ಎಂಬ ಮೂರನ್ನು ವಿವೇಚಿಸಬೇಕೆಂದು ನಮ್ಮ ಹಿರಿಯರು ವಿಧಿಸಿರುವರು. ಕುಟುಂಬಸಮೇತನಾಗಿ ದೂರಪ್ರಯಾಣಕ್ಕೆ ಹೊರಡುವ ಗೃಹಸ್ಥನಿಗೂ ಈ ಮೂರರ ವಿವೇಚನೆಯೇ ಸಾಕೆಂಬುದು ನನ್ನ ಅಭಿಪ್ರಾಯ. ಎಲ್ಲಿಗೆ ಹೋಗುವುದು, ಯಾವಾಗ ಹೋಗುವುದು, ಯಾರು ಯಾರು ಹೋಗುವುದು, ಈ ಪ್ರಶ್ನೆಗಳಿಗೆ ಉತ್ತರ ದೊರೆತರೆ ಮಿಕ್ಕುದೆಲ್ಲ ಪೆಟ್ಟಿಗೆ ಕಟ್ಟುವ ಕೆಲಸ. ಆದರೆ ಈ ಮೂರೂ ಒಂದಕ್ಕೊಂದು ಒಗ್ಗದೆ ಹೋದಾಗ ಯಾವುದನ್ನು ಬಿಡಬೇಕೆಂಬುದು ಕಠಿನವಾದ ಮಾತು. ಆ ಕಾಠಿನ್ಯವನ್ನು ನಾನು ಪ್ರತ್ಯಕ್ಷವಾಗಿ ಕಂಡದ್ದು ಇಂಗ್ಲೆಂಡಿನ ಮಾಂಚೆಸ್ಟರು ನಗರದಲ್ಲಿ.

೨೦೨೩ನೆಯ ಇಸವಿಯ ಅಕ್ಟೋಬರಿನಲ್ಲಿ ನಾನೂ ನನ್ನ ಪತ್ನಿಯೂ ಆ ಊರಿನಲ್ಲಿರುವ ಮಗಳ ಮನೆಗೆ ಹೋದೆವು. ಆರು ತಿಂಗಳು ಇರುವುದಕ್ಕೆ ಮಾತ್ರ ನಮಗೆ ಅನುಮತಿಯಿದ್ದಿತು. ಮಾಂಚೆಸ್ಟರು ಹಿಂದೆ ಹತ್ತಿಯ ಗಿರಣಿಗಳಿಗೆ ಹೆಸರಾದ ಊರು. ಮಳೆಗೆ ಇಂದಿಗೂ ಹೆಸರಾದುದು. ಡಿಸೆಂಬರಿನಲ್ಲಿ ಅಲ್ಲಿಯ ಹಗಲು ಏಳೂವರೆ ಗಂಟೆಯಷ್ಟು ಮಾತ್ರ. ಮಧ್ಯಾಹ್ನ ನಾಲ್ಕು ಗಂಟೆಯೊಳಗಾಗಿ ಸೂರ್ಯನು ಮುಳುಗುವನು. ಅದಕ್ಕೆ ಮುಂಚೆ ಅವನು ಮೂಡಿದ್ದನೆಂಬುದಕ್ಕೂ ಅನೇಕ ದಿನ ಸಾಕ್ಷ್ಯವಿರುವುದಿಲ್ಲ. ಇಂತಹ ನಾಡಿನ ಜನರು ವರ್ಷವಿಡೀ ಹಣ ಕೂಡಿಟ್ಟು ಬಿಸಿಲಿರುವ ದ್ವೀಪಗಳಿಗೆ ಹೋಗಿಬರುವುದನ್ನು ವಿಲಾಸವೆಂದು ಹಳಿಯುವುದು ನ್ಯಾಯವಲ್ಲ. ಬಿಸಿಲು ನಮಗೆ ಧರ್ಮಕ್ಕೆ ಬಂದದ್ದು. ಅವರಿಗೆ ಹಣ ಕೊಟ್ಟು ಕೊಳ್ಳಬೇಕಾದುದು. ನನ್ನ ಮಗಳೂ ಅಳಿಯನೂ ಎರಡು ವರ್ಷ ಹಣ ಉಳಿಸಿ ಮಾರಿಷಸ್ ದ್ವೀಪಕ್ಕೆ ಹೋಗುವ ಸಂಕಲ್ಪಮಾಡಿ, ನಮ್ಮನ್ನೂ ಕರೆದೊಯ್ಯಬೇಕೆಂದಿದ್ದರು. ಅಲ್ಲಿಯ ಬೆಟ್ಟದ ಮೇಲೆ ಗಂಗಾ ತಲಾವ್ ಎಂಬ ಸರೋವರವೂ ಅದರ ತೀರದಲ್ಲಿ ಶಿವಾಲಯವೂ ಇರುವುದನ್ನು ಕೇಳಿದಂದಿನಿಂದ ನನ್ನ ಪತ್ನಿಗೆ ಅದೇ ಧ್ಯಾನ.

ಕಾಲವಿಚಾರ

ಅಳಿಯನು ಆರಿಸಿದ ತಿಂಗಳು ಜನವರಿ. ಅವನ ಲೆಕ್ಕದಲ್ಲಿ ಒಂದು ಬಗೆಯ ಯುಕ್ತಿಯಿದ್ದಿತು. ಕ್ರಿಸ್ಮಸ್ ರಜೆಯಲ್ಲಿ ವಿಮಾನದ ದರವೂ ಬಿಡಾರದ ದರವೂ ಗಗನಕ್ಕೇರಿ, ಶಾಲೆಗಳು ತೆರೆದೊಡನೆ ಇಳಿಯುವುವು. ಫೆಬ್ರವರಿಯ ನಡುವಣ ರಜೆ ಒಂದೇ ವಾರ; ಈಸ್ಟರ್ ರಜೆಯ ವೇಳೆಗೆ ನಾವು ಸ್ವದೇಶಕ್ಕೆ ಹಿಂದಿರುಗಬೇಕು. ಎಲ್ಲರೂ ಕೂಡಿ ಹೋಗುವುದಾದರೆ ಜನವರಿಯೇ ಸರಿ. ಮಗು ಮಾತ್ರ ಶಾಲೆ ತಪ್ಪಿಸಬೇಕು. "ಜ್ವರವೆಂದು ತಿಳಿಸಿದರಾಯಿತು, ಮಾವನವರೆ, ಇಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ" ಎಂದನು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಾಜರಿ ಪುಸ್ತಕವನ್ನು ಹಿಡಿದ ಕೈ ನನ್ನದು. ಸುಳ್ಳು ಜ್ವರದ ಚೀಟಿಗಳನ್ನು ಎಷ್ಟೋ ನೋಡಿ, ಎಷ್ಟೋ ಹುಡುಗರನ್ನು ಗದರಿಸಿದ್ದೇನೆ. ಆದರೂ ಆಗ ಸುಮ್ಮನಿದ್ದೆನು. ಅಳಿಯನ ಮನೆಯಲ್ಲಿ ಅತಿಥಿಯಾದವನು ಉಪದೇಶಕ್ಕೆ ತೊಡಗಬಾರದೆಂದು ನನಗೆ ನಾನೇ ಹೇಳಿಕೊಂಡೆನು. ನಿಜ ನುಡಿಯಬೇಕಾದರೆ, ಆ ಮೌನದಲ್ಲಿ ಮರ್ಯಾದೆಗಿಂತ ಆಸೆಯೇ ಹೆಚ್ಚಾಗಿದ್ದಿತು. ಆ ದ್ವೀಪವನ್ನು ನೋಡಬೇಕೆಂದು ನನಗೂ ಇದ್ದಿತು.

ರಾತ್ರಿ ಊಟಕ್ಕೆ ಕುಳಿತಾಗ ಒಂಬತ್ತು ವರ್ಷದ ಮೊಮ್ಮಗಳು, "ತಾತ, ನನಗೆ ಜನವರಿಯಲ್ಲಿ ಜ್ವರ ಬರುತ್ತದಂತೆ, ಹೌದೆ?" ಎಂದು ಕೇಳಿದಳು. ಯಾರೂ ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಪತ್ನಿ, "ಬಾರದ ಜ್ವರವನ್ನು ಬಾಯಲ್ಲಿ ಕರೆಯಬಾರದು. ನಾವು ಬರದಿದ್ದರೆ ಏನೂ ಆಗುವುದಿಲ್ಲ. ಮಗುವಿಗೆ ರಜೆಯಿದ್ದಾಗಲೇ ಹೋಗಿಬನ್ನಿ" ಎಂದಳು. ನಾನು ಆಡಬೇಕಾಗಿದ್ದ ಮಾತನ್ನು ಅವಳು ಆಡಿದಳು. ಅವಳ ಗಂಗಾ ತಲಾವ್ ಆ ಮಾತಿನಲ್ಲಿಯೇ ಕೈಬಿಟ್ಟುಹೋಯಿತು.

ಶಾಲೆಯ ವಿಷಯದಲ್ಲಿ ಇಂಗ್ಲೆಂಡಿನ ಕಾಯಿದೆ ಬಿಗಿಯಾದುದು. ಅನುಮತಿಯಿಲ್ಲದೆ ಮಗುವನ್ನು ವಿಹಾರಕ್ಕೆ ಕರೆದೊಯ್ದರೆ ತಂದೆತಾಯಿಗಳಲ್ಲಿ ಒಬ್ಬೊಬ್ಬರಿಗೂ, ಒಂದೊಂದು ಮಗುವಿಗೂ ಬೇರೆ ಬೇರೆಯಾಗಿ ದಂಡ ಬೀಳಬಹುದು. ನಾವು ಅಲ್ಲಿದ್ದಾಗ ಅದು ೬೦ ಪೌಂಡು. ೨೦೨೪ರ ಆಗಸ್ಟಿನಿಂದ ೮೦ ಪೌಂಡು. ೨೧ ದಿನಗಳೊಳಗೆ ಕಟ್ಟದಿದ್ದರೆ ಇಮ್ಮಡಿ. ಮಗಳನ್ನು ಶಾಲೆಯ ದಿನಗಳಲ್ಲಿ ಅಮೆರಿಕಕ್ಕೆ ಕರೆದೊಯ್ದ ತಂದೆಯೊಬ್ಬನ ವ್ಯಾಜ್ಯವು ಆ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಗಿ, ಕ್ರಮವಾದ ಹಾಜರಿಯೆಂದರೆ ಶಾಲೆಯ ನಿಯಮಕ್ಕೆ ಅನುಸಾರವಾದ ಹಾಜರಿಯೆಂದು ೨೦೧೭ರಲ್ಲಿ ತೀರ್ಪಾಯಿತು. ದಂಡಕ್ಕಿಂತ ಟಿಕೆಟ್ಟಿನ ಉಳಿತಾಯವೇ ಹೆಚ್ಚೆಂದು ಎಣಿಸುವವರು ಅಲ್ಲಿ ಉಂಟು. ಲೆಕ್ಕದಲ್ಲಿ ಅದು ಸರಿಯಿರಬಹುದು. ಆದರೆ ಮಗುವು ತನ್ನ ಉಪಾಧ್ಯಾಯಿನಿಯ ಮುಂದೆ ನಿಂತು ಆಡಬೇಕಾದ ಸುಳ್ಳು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ.

ಇನ್ನು ಪ್ರಕೃತಿಯ ಕಾಯಿದೆ. ಮಾರಿಷಸ್ಸು ಭೂಮಧ್ಯರೇಖೆಯ ದಕ್ಷಿಣಕ್ಕೆ ಸುಮಾರು ೨೦ ಅಂಶಗಳಲ್ಲಿರುವುದರಿಂದ ಅಲ್ಲಿಯ ಋತುಗಳು ಇಂಗ್ಲೆಂಡಿನವಕ್ಕೆ ವಿರುದ್ಧವಾದವು. ನವೆಂಬರಿನಿಂದ ಏಪ್ರಿಲಿನವರೆಗೆ ಬೇಸಗೆ. ಸೆಕೆಯೂ ಮಳೆಯೂ ಆಗಲೇ. ಚಂಡಮಾರುತಗಳ ಕಾಲವೂ ಅದೇ. ಜನವರಿಯಿಂದ ಮಾರ್ಚಿಯವರೆಗೆ ಅವುಗಳ ಭಯ ಹೆಚ್ಚು. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಹಿತವಾದ ಚಳಿಗಾಲ. ನಮ್ಮ ಮೈಸೂರಿನ ಮಾಗಿಯನ್ನು ನೆನೆದರೆ ಆ ಹವೆಯನ್ನು ಊಹಿಸಿಕೊಳ್ಳಬಹುದು. ಇಂಗ್ಲೆಂಡಿನ ಶಾಲೆಗಳ ದೀರ್ಘವಾದ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರಿನ ಮೊದಲವರೆಗೆ. ಎಂದಮೇಲೆ ಶಾಲೆಯ ಪಂಚಾಂಗವೂ ಗಾಳಿಯ ಪಂಚಾಂಗವೂ ಆಗಸ್ಟಿನಲ್ಲಿ ಕೂಡಿಬರುವುವು. ಕೂಡದುದು ಹಣದ ಪಂಚಾಂಗವೊಂದೇ.

ಜನವರಿಯ ೧೩ರಂದು ಹೊರಡಬೇಕೆಂದು ಅಳಿಯನು ಮೊದಲು ಗುರುತು ಹಾಕಿದ್ದನು. ೧೫ರಂದು ಬೆಲಾಲ್ ಎಂಬ ಚಂಡಮಾರುತವು ಮಾರಿಷಸ್ಸಿನ ಪಕ್ಕದಲ್ಲಿ ಹಾದು, ರಾಜಧಾನಿಯಾದ ಪೋರ್ಟ್ ಲೂಯಿಯ ಬೀದಿಗಳಲ್ಲಿ ನೀರು ಹೊಳೆಯಾಗಿ ಹರಿದು, ಕಾರುಗಳು ತೇಲಿಹೋದುವು, ವಿಮಾನನಿಲ್ದಾಣವನ್ನು ಮುಚ್ಚಿದರು. ಮಗಳು ಆ ಸುದ್ದಿಯನ್ನು ಓದಿ, "ಅಪ್ಪ, ನಿಮ್ಮ ಧರ್ಮ ನಮ್ಮನ್ನು ಕಾಯಿತು" ಎಂದಳು. ಹಾಗಲ್ಲವೆಂದು ನಾನು ಹೇಳಿದೆನು. ಗಾಳಿಯು ಸತ್ಯವಂತರ ವಿಳಾಸವನ್ನು ಕೇಳಿಕೊಂಡು ಬೀಸುವುದಿಲ್ಲ. ಆ ದಿನ ಅಲ್ಲಿ ನೊಂದವರು ಯಾವ ತಪ್ಪನ್ನೂ ಮಾಡಿದವರಲ್ಲ. ಜನವರಿಯಲ್ಲಿ ಅಗ್ಗವಾಗಿರುವುದಕ್ಕೆ ಒಂದು ಕಾರಣವುಂಟೆಂಬುದನ್ನು ನಾವು ಮೊದಲೇ ವಿಚಾರಿಸಬೇಕಾಗಿದ್ದಿತು, ಅಷ್ಟೆ.

ದೇಶವಿಚಾರ

ಲಂಡನ್ನಿನಿಂದ ನೇರವಾಗಿ ಹಾರಿದರೆ ಮಾರಿಷಸ್ಸಿಗೆ ಸುಮಾರು ಹನ್ನೆರಡು ಗಂಟೆಯ ದಾರಿ. ಮಾಂಚೆಸ್ಟರಿನವರು ಲಂಡನ್ನಿಗೆ ಹೋಗಿ ಅಲ್ಲಿ ವಿಮಾನ ಹತ್ತಬಹುದು. ಇಲ್ಲವೆ ತಮ್ಮ ಊರಿನಲ್ಲಿಯೇ ಹತ್ತಿ, ದುಬೈಯಂತಹ ನಡುದಾರಿಯ ನಿಲ್ದಾಣದಲ್ಲಿ ವಿಮಾನ ಬದಲಾಯಿಸಬಹುದು. ಎರಡನೆಯದು ಸುಮಾರು ಏಳು ಗಂಟೆಯ ಒಂದು ಹಾರಾಟ, ಆರೂವರೆ ಗಂಟೆಯ ಇನ್ನೊಂದು. ಮುದುಕರಿಗೂ ಮಕ್ಕಳಿಗೂ ನಡುವೆ ಕಾಲು ಚಾಚಲು ಅವಕಾಶ ದೊರೆಯುವುದು ಲಾಭ. ಆದರೆ ಎರಡು ಹಾರಾಟಗಳನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಳ್ಳತಕ್ಕದ್ದು. ಅಗ್ಗವೆಂದು ಬೇರೆ ಬೇರೆಯಾಗಿ ಕೊಂಡರೆ, ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಕೇಳುವವರಿರುವುದಿಲ್ಲ.

ದ್ವೀಪವು ಚಿಕ್ಕದು, ಆದರೂ ಅದರ ಒಂದೊಂದು ಮಗ್ಗುಲಿಗೂ ಒಂದೊಂದು ಹವೆ. ಜುಲೈ ಆಗಸ್ಟುಗಳಲ್ಲಿ ಆಗ್ನೇಯದ ಗಾಳಿ ಬಲವಾಗಿ ಬೀಸುವುದರಿಂದ ಪೂರ್ವತೀರದಲ್ಲಿ ಮರಳು ಕಣ್ಣಿಗೆ ಬೀಳುವುದು; ನಡುನಾಡಿನ ಕ್ಯೂರ್‌ಪೀಪ್ ಪಟ್ಟಣದಲ್ಲಿ ಮಂಜೂ ತುಂತುರೂ ಇರುವುವು. ಆಗ ಪಶ್ಚಿಮದ ಫ್ಲಿಕ್ ಆಂ ಫ್ಲಾಕ್, ವಾಯವ್ಯದ ತ್ರೂ ಓ ಬಿಷ್ ಮೊದಲಾದ ತೀರಗಳು ಗಾಳಿಯ ಮರೆಯಲ್ಲಿದ್ದು ಸುಖಕರವಾಗಿರುವುವು. ಚಿತ್ರಪಟಗಳಲ್ಲಿ ಎಲ್ಲ ತೀರಗಳೂ ಒಂದೇ ನೀಲಿ. ಗಾಳಿ ಚಿತ್ರದಲ್ಲಿ ಮೂಡುವುದಿಲ್ಲ. ದ್ವೀಪದ ಸುತ್ತಲೂ ಬಹುಮಟ್ಟಿಗೆ ಹವಳದ ದಿಬ್ಬವಿದ್ದು, ಅದರ ಒಳಗಣ ನೀರು ಕೆರೆಯಂತೆ ಶಾಂತವಾಗಿರುವುದು. ದಕ್ಷಿಣದಲ್ಲಿ ಗ್ರಿ ಗ್ರಿ ಎಂಬಲ್ಲಿ ಆ ದಿಬ್ಬವಿಲ್ಲ. ಅಲ್ಲಿ ಕಡಲನ್ನು ದಡದಿಂದ ನೋಡಿ ಹಿಂದಿರುಗಬೇಕು. ಕಲ್ಲುಮೀನೆಂಬ ವಿಷದ ಮೀನು ಕಲ್ಲಿನಂತೆ ತಳದಲ್ಲಿ ಬಿದ್ದಿರುವುದರಿಂದ ಶಾಂತವಾದ ನೀರಿನಲ್ಲಿಯೂ ಮಕ್ಕಳಿಗೆ ಪಾದರಕ್ಷೆ ಅವಶ್ಯ.

ಇನ್ನೊಂದು ಸಂಗತಿ. ಆಗಸ್ಟಿನ ಮೊದಲಲ್ಲಿ ಮಾಂಚೆಸ್ಟರಿನಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿರುವುದು; ಮಾರಿಷಸ್ಸಿನಲ್ಲಿ ಆರಕ್ಕೆಲ್ಲ ಕತ್ತಲು. ಇದನ್ನರಿಯದೆ ಮಧ್ಯಾಹ್ನದ ಮೇಲೆ ಹೊರಟವರು ದಾರಿಯಲ್ಲಿಯೇ ದೀಪ ನೋಡುವರು. ಆ ಕಾಲದಲ್ಲಿ ಅಲ್ಲಿಯ ಗಡಿಯಾರವು ಇಂಗ್ಲೆಂಡಿಗಿಂತ ಮೂರು ಗಂಟೆ ಮುಂದೆ. ವಾಹನಗಳು ಬ್ರಿಟನ್ನಿನಂತೆ, ನಮ್ಮಂತೆ, ರಸ್ತೆಯ ಎಡಗಡೆಯಲ್ಲಿಯೇ ಹೋಗುವುವು.

ಪಾತ್ರವಿಚಾರ

ಹೋಗುವವರ ದೇಹ, ಕಾಗದಪತ್ರ, ಹಣದ ಚೀಲ ಈ ಮೂರನ್ನೂ ಪರೀಕ್ಷಿಸುವುದೇ ಪಾತ್ರವಿಚಾರ. ಬ್ರಿಟನ್ನಿನ ಪ್ರಜೆಗಳಿಗೂ ಭಾರತದ ಪ್ರಜೆಗಳಿಗೂ ವಿಹಾರಕ್ಕಾಗಿ ಮಾರಿಷಸ್ಸಿಗೆ ಹೋಗಲು ಮುಂಗಡವಾಗಿ ವೀಸಾ ಬೇಕಾಗಿಲ್ಲ. ಆದರೆ ಬ್ರಿಟನ್ನಿನಲ್ಲಿ ಪರದೇಶೀಯರಾಗಿ ವಾಸಿಸುವವರು, ಹಿಂದಿರುಗಿ ಆ ದೇಶವನ್ನು ಪ್ರವೇಶಿಸುವ ತಮ್ಮ ಹಕ್ಕಿನ ಅವಧಿಯನ್ನು ನೋಡಿಕೊಂಡೇ ಹೊರಡಬೇಕು. ಆ ದೇಶದವರು ಯೂರೋಪಿನಲ್ಲಿ ಚಿಕಿತ್ಸೆಗಾಗಿ ಇಟ್ಟುಕೊಳ್ಳುವ ಆರೋಗ್ಯದ ಚೀಟಿ ಮಾರಿಷಸ್ಸಿನಲ್ಲಿ ನಡೆಯುವುದಿಲ್ಲ. ಪ್ರಯಾಣದ ವಿಮೆ ಬೇಕೇ ಬೇಕು. ಅದನ್ನು ಟಿಕೆಟ್ಟು ಕೊಂಡ ದಿನವೇ ಮಾಡಿಸಿದರೆ, ಹೊರಡುವ ಮುನ್ನ ರೋಗ ಬಂದು ಪ್ರಯಾಣ ನಿಂತರೂ ರಕ್ಷೆಯಿರುವುದು. ಮಧುಮೇಹ, ರಕ್ತದ ಒತ್ತಡ ಮುಂತಾದ ಹಳೆಯ ರೋಗಗಳನ್ನು ವಿಮೆಯವರಿಂದ ಮರೆಮಾಡುವುದು ತನಗೆ ತಾನೇ ಮಾಡಿಕೊಳ್ಳುವ ವಂಚನೆ.

ವಿಮಾನದಲ್ಲಿ ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಆಗಾಗ ಎದ್ದು ನಡೆಯುವುದು, ನೀರು ಕುಡಿಯುವುದು, ಕುಳಿತಲ್ಲಿಯೇ ಪಾದಗಳನ್ನು ಆಡಿಸುವುದು ಒಳ್ಳೆಯದು; ಹಿಂದೆ ಅಂತಹ ತೊಂದರೆಯಾದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಡೆಂಗಿ, ಚಿಕುನ್‌ಗುನ್ಯಾ ಜ್ವರಗಳನ್ನು ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚತಕ್ಕದ್ದಾದುದರಿಂದ ರಾತ್ರಿಯ ಪರದೆಯೊಂದನ್ನೇ ನಂಬಬಾರದು.

ಹಣದ ವಿಷಯದಲ್ಲಿ ಮುಖ್ಯವಾದುದು ಭದ್ರತೆ. ವಿಮಾನವೂ ಬಿಡಾರವೂ ಒಟ್ಟಾಗಿ ಸೇರಿದ ಪ್ರವಾಸವನ್ನು ಬ್ರಿಟನ್ನಿನಲ್ಲಿ ಕೊಳ್ಳುವವರು ಮಾರುವವನಿಗೆ ಅಟಾಲ್ ಎಂಬ ಸರ್ಕಾರದ ಅನುಮತಿಪತ್ರವಿದೆಯೇ ಎಂದು ನೋಡಬೇಕು. ೨೦೧೯ರ ಸೆಪ್ಟೆಂಬರಿನಲ್ಲಿ ಥಾಮಸ್ ಕುಕ್ ಎಂಬ ಪ್ರಾಚೀನವಾದ ಪ್ರವಾಸಸಂಸ್ಥೆ ದಿವಾಳಿಯಾದಾಗ ಸುಮಾರು ಒಂದೂವರೆ ಲಕ್ಷ ಜನರು ಪರದೇಶಗಳಲ್ಲಿ ಸಿಕ್ಕಿಕೊಂಡರು; ಅವರನ್ನು ಮನೆಗೆ ಕರೆತರುವ ಏರ್ಪಾಡನ್ನು ಸರ್ಕಾರವೇ ಮಾಡಬೇಕಾಯಿತು. ಹೆಸರು ದೊಡ್ಡದಾದ ಮಾತ್ರಕ್ಕೆ ಭದ್ರತೆ ದೊಡ್ಡದಾಗುವುದಿಲ್ಲ.

ರಜೆಯ ದಿನಗಳ ಹೆಚ್ಚಿನ ದರವನ್ನು ಮಗಳೂ ಅಳಿಯನೂ ಹೀಗೆ ಸರಿದೂಗಿಸಿದರು. ಹದಿನಾಲ್ಕು ರಾತ್ರಿಗಳನ್ನು ಹತ್ತಕ್ಕೆ ಇಳಿಸಿದರು. ಕಡಲಿಗೆ ಹತ್ತಿದ ದೊಡ್ಡ ಹೋಟಲಿಗೆ ಬದಲಾಗಿ ಅಡಿಗೆಮನೆಯಿರುವ ಬಿಡಾರವನ್ನು ಹಿಡಿದರು. ಅಲ್ಲಿ ಉಬ್ಬರದ ರೇಖೆಯವರೆಗೆ ಕಡಲ ತೀರವೆಲ್ಲ ಸಾರ್ವಜನಿಕರದು. ದುಬಾರಿ ಹೋಟಲಿನಲ್ಲಿ ಇಳಿಯದವರಿಗೂ ಅದೇ ಮರಳು, ಅದೇ ಸರ್ವೆ ಮರದ ನೆರಳು. ಬೇಳೆಯನ್ನು ಬೇಯಿಸಿ ಪುಡಿಮಾಡಿ ತುಂಬಿದ ಧಾಲ್ ಪುರಿಯನ್ನು ಬೀದಿಯಲ್ಲಿಯೇ ಮಾರುವರು. ಬೆಲ್ಲವಿಲ್ಲದ ಹೋಳಿಗೆಯೆಂದು ತಿಳಿದರೆ ಸರಿ. ಸಸ್ಯಾಹಾರಿಗಳು ಅಲ್ಲಿ ಉಪವಾಸವಿರಬೇಕಾಗಿಲ್ಲ.

ಆ ಪುರಿ ಅಲ್ಲಿಗೆ ಹೇಗೆ ಬಂದಿತೆಂಬುದನ್ನೂ ಹೊರಡುವ ಮುನ್ನವೇ ಮಗುವಿಗೆ ಹೇಳಬೇಕೆಂಬುದು ನಾನು ಸನ್ನಾಹಕ್ಕೆ ಸೇರಿಸಿದ ಒಂದೇ ಅಂಶ. ಬ್ರಿಟಿಷರ ರಾಜ್ಯದಲ್ಲಿ ಗುಲಾಮಗಿರಿ ನಿಂತಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿ, ೧೮೩೪ರಿಂದ ಸುಮಾರು ೧೯೨೦ರವರೆಗೆ ಐದು ಲಕ್ಷಕ್ಕೆ ಸಮೀಪವಾದ ಜನರನ್ನು ಕರಾರಿನ ಮೇಲೆ ಭಾರತದಿಂದ ಹಡಗುಗಳಲ್ಲಿ ಅಲ್ಲಿಗೆ ತಂದರು. ಅವರಲ್ಲಿ ಕೆಲವರು ಬೇರೆ ಬೇರೆ ದೇಶಗಳಿಗೆ ಸಾಗಿಹೋದರು. ಉಳಿದವರ ಸಂತತಿಯವರೇ ಇಂದು ಆ ದ್ವೀಪದ ಜನರಲ್ಲಿ ಬಹುಭಾಗ. ಅವರು ಇಳಿದ ಪೋರ್ಟ್ ಲೂಯಿಯ ಅಪ್ರವಾಸಿ ಘಾಟ್ ೨೦೦೬ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನೈರುತ್ಯದ ಲ ಮೋರ್ನ್ ಬೆಟ್ಟದಲ್ಲಿ ತಪ್ಪಿಸಿಕೊಂಡ ಗುಲಾಮರು ಅಡಗಿ ಬಾಳಿದರು. ನಾವು ವಿಹಾರಕ್ಕೆ ಹೋಗುವ ಜಾಗಕ್ಕೆ ಬೇರೆಯವರು ಕಣ್ಣೀರಿನಿಂದ ಬಂದಿದ್ದರೆಂಬುದನ್ನು ಅರಿತ ಅತಿಥಿಯು ಅಲ್ಲಿಯ ಪರಿಚಾರಕನೊಡನೆ ಮಾತನಾಡುವ ರೀತಿಯೇ ಬೇರೆಯಾಗುವುದು.

೨೦೨೪ರ ಆಗಸ್ಟಿನಲ್ಲಿ ಅವರು ಮೂವರೂ ಹೋದರು. ನಾವಿಬ್ಬರೂ ಆ ವೇಳೆಗೆ ನಮ್ಮೂರಿನಲ್ಲಿದ್ದೆವು. ಒಂದು ಸಂಜೆ ಮೊಮ್ಮಗಳು ದೂರವಾಣಿಯಲ್ಲಿ, "ತಾತ, ಅವರು ಹತ್ತಿದ ಮೆಟ್ಟಿಲು ಎಣಿಸಿದೆ, ಹದಿನಾರು" ಎಂದಳು. ಗಂಗಾ ತಲಾವಿನ ತೀರ್ಥವನ್ನು ಅಜ್ಜಿಗಾಗಿ ಚಿಕ್ಕ ಸೀಸೆಯಲ್ಲಿ ತುಂಬಿಟ್ಟಿರುವುದಾಗಿ ಹೇಳಿದಳು. ನನ್ನ ಪತ್ನಿ ದೂರವಾಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ತೀರ್ಥದ ಮಾತನ್ನು ಬಿಟ್ಟು, "ಜ್ವರಗಿರ ಏನೂ ಇಲ್ಲವಷ್ಟೆ, ಮಗು?" ಎಂದು ಕೇಳಿದಳು. ಇಲ್ಲವೆಂದು ಅತ್ತ ಕಡೆಯಿಂದ ನಗು ಕೇಳಿಸಿತು.